ಹಲಗೆಯ ಮೇಲೆ ನನ್ನದೊಂದು ಸಾಲು

ಆಗ ನನಗೆ ಅರವತ್ತೆರಡು. ಅದಾಗಿ ಐದು ವರ್ಷವಾಯಿತು. ಊರಿನ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತು ಆಗಿನ್ನೂ ಎರಡು ವರ್ಷ. ಒತ್ತಕ್ಷರ ಬಂದರೆ ನಿಂತು ನಿಂತು ಓದುತ್ತಿದ್ದೆ. ಈಗಲೂ ಹಾಗೇ. ಇದನ್ನು ಬರೆದದ್ದು ನಾನು, ತಿದ್ದಿದವರು ಬೇರೆ.

ಹೊಸದಾಗಿ ಓದು ಕಲಿತ ದೊಡ್ಡವರಿಗೆಂದು ಸಣ್ಣ ಪುಸ್ತಕಗಳನ್ನು ಮಾಡುತ್ತಾರೆ. ದಪ್ಪ ಅಕ್ಷರ, ಹದಿನಾರು ಪುಟ, ನಡುನಡುವೆ ಚಿತ್ರ. ಅಚ್ಚಿಗೆ ಹೋಗುವ ಮುಂಚೆ ನಮ್ಮಂಥವರನ್ನು ಕೂರಿಸಿಕೊಂಡು ಓದಿ ನೋಡುತ್ತಾರೆ. ನಮಗೆ ತಿಳಿಯದ ಕಡೆ ಪದ ಬದಲಾಯಿಸುತ್ತಾರೆ, ಇಲ್ಲವೇ ಒಂದು ಸಾಲು ಸೇರಿಸುತ್ತಾರೆ. ಅಂಥ ಮೂರು ದಿನದ ಕೆಲಸ ಕೋಲಾರದಲ್ಲಿತ್ತು. ನಮ್ಮ ಸಂಜೆ ಶಾಲೆಯಲ್ಲಿ ಪಾಠ ಹೇಳುವವಳು ನನ್ನ ಹೆಸರು ಕೊಟ್ಟಿದ್ದಳು.

ನನ್ನದು ರೇಷ್ಮೆ ಹುಳು ಸಾಕುವ ಕೆಲಸ. ಗಂಡ ಹೋದ ಮೇಲೆ ಒಬ್ಬಳೇ ಸಾಕುತ್ತೇನೆ. ಹುಳು ಇದ್ದಾಗ ನಾನು ಊರು ಬಿಡುವವಳಲ್ಲ. ಆ ವಾರ ಮಾತ್ರ ಸೊಪ್ಪು ಹಾಕುವಂತಿಲ್ಲದ ದಿನ ನಡುವೆ ಬೀಳುತ್ತಿತ್ತು. ಮುಳಬಾಗಿಲಿನಿಂದ ಕೋಲಾರಕ್ಕೆ ಬಸ್ಸು ಎಷ್ಟು ಬೇಕೋ ಅಷ್ಟಿವೆ, ದಿನಾ ಹೋಗಿ ದಿನಾ ಬರಬಹುದು, ಉಳಿದೆರಡು ದಿನ ಬೆಳಿಗ್ಗೆ ಸಂಜೆ ಸೊಪ್ಪು ಹಾಕಿದರೆ ಹೇಗೋ ನಡೆಯುತ್ತದೆ. ಆಗಲಿ ಎಂದೆ.

ಹೋದವರು ಹತ್ತು ಜನ. ಕೆಲಸ ನಡೆಸುತ್ತಿದ್ದವರು ಕಾಲೇಜಿನಲ್ಲಿ ಕನ್ನಡ ಹೇಳುವ ಒಬ್ಬ ಮೇಡಂ ಮತ್ತು ರಿಟೈರಾದ ಒಬ್ಬ ಹೆಡ್‌ಮಾಸ್ಟರು. ನನ್ನ ಪಕ್ಕದ ಕುರ್ಚಿಯಲ್ಲಿ ಶ್ರೀನಿವಾಸಪುರದ ಕಡೆಯ ಹೆಂಗಸು ಕೂತಿದ್ದಳು. ನಲವತ್ತು ದಾಟಿರಬೇಕು. ಮನೆಮಾತು ತೆಲುಗು. ಅವಳೂ ಹುಳು ಸಾಕುತ್ತಿದ್ದಳು, ಅವಳ ಬೆರಳುಗಳ ಸೊಪ್ಪಿನ ಕಪ್ಪು ನೋಡಿಯೇ ನನಗೆ ಗೊತ್ತಾಯಿತು. ಮಾತಿಲ್ಲ. ಕೇಳಿದರೆ ತಲೆ ಆಡಿಸುವಳು, ಅಷ್ಟೇ.

ಮೊದಲ ದಿನ ಊಟವಾದ ಮೇಲೆ ಮೇಡಂ ಒಂದು ಕಥೆ ಓದಿದರು. ಬರೆದವರು ತೀರಿಕೊಂಡು ಬಹಳ ವರ್ಷವಾಗಿತ್ತಂತೆ. ಎರಡೂವರೆ ಪುಟ. ಒಬ್ಬಳೇ ಹುಳು ಸಾಕುವ ಹೆಂಗಸು. ಪಕ್ಕದೂರಿನಲ್ಲಿ ತಾಯಿಗೆ ಕಾಯಿಲೆ ಜಾಸ್ತಿಯಾಗಿದೆ ಎಂದು ತಮ್ಮ ಬಂದು ಹೇಳುತ್ತಾನೆ. ಕಥೆ ಮುಗಿಯುವುದು ಹೀಗೆ:

"ತಮ್ಮ ಬಾಗಿಲಾಚೆಯೇ ನಿಂತು ಹೇಳಿ ಹೋದ. ಹುಳುಗಳೆಲ್ಲ ತಲೆ ಎತ್ತಿ, ಅಲ್ಲಾಡದೆ, ಅವಳನ್ನೇ ನೋಡುವಂತೆ ಕೂತಿದ್ದವು. ಅವಳು ಕೈಗಂಟಿದ ಬಿಳಿಯ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. ಆ ಸಂಜೆ ಸೊಪ್ಪು ಹಾಕಲಿಲ್ಲ. ಬೀಗ ಹಾಕಿದಳು. ಬೀಗದ ಕೈಯನ್ನು ಪಕ್ಕದ ಮನೆಯ ಕಿಟಕಿಯೊಳಗೆ ಇಟ್ಟು ರಸ್ತೆಗೆ ಇಳಿದಳು."

ಅಷ್ಟೇ. ಮುಂದೆ ಇಲ್ಲ.

ಮುಂದೇನಾಯಿತು ಎಂದು ಎಲ್ಲರೂ ಕೇಳಿದರು. ಹೊಸದಾಗಿ ಓದುವವರಿಗೆ ಹೀಗೆ ಗಾಳಿಯಲ್ಲಿ ಬಿಡಬಾರದು, ಒಂದು ಸಾಲು ಸೇರಿಸಿ ಮುಗಿಸೋಣ, ಬರೆದವರ ಮನೆಯವರೂ ಒಪ್ಪಿದ್ದಾರೆ ಎಂದು ಹೆಡ್‌ಮಾಸ್ಟರು ಹೇಳಿದರು. ಸಾಲು ಅವರ ಹತ್ತಿರ ಸಿದ್ಧವಾಗಿಯೇ ಇತ್ತು. ಹಲಗೆಯ ಮೇಲೆ ಬರೆದರು. 'ಹುಳುಗಳು ಸತ್ತರೂ ಸರಿ, ಹೆತ್ತ ತಾಯಿಯೇ ದೊಡ್ಡವಳೆಂದು ಅವಳು ಎಲ್ಲವನ್ನೂ ಬಿಟ್ಟು ಹೊರಟಳು.' ಹುಳು ತಲೆ ಎತ್ತಿ ನೋಡುವುದು ಹಸಿವಿನಿಂದ, ಅವಳಿಗೆ ಅದು ಸಂಕಟ, ಆದರೂ ಹೋಗುತ್ತಾಳೆ, ಅದೇ ಕಥೆಯ ನೀತಿ ಎಂದು ವಿವರಿಸಿದರು. ಬಿಳಿಯ ಪುಡಿ ಅಕ್ಕಿ ಹಿಟ್ಟಿರಬೇಕು, ಅಡುಗೆ ಅರ್ಧಕ್ಕೆ ಬಿಟ್ಟು ಎದ್ದಿದ್ದಾಳೆ ಎಂದರು.

ನಾನು ಕೂತಲ್ಲಿಂದಲೇ ಅದು ಸುಳ್ಳು ಎಂದೆ.

ಹಾಗೆ ಹೇಳಬಾರದಿತ್ತು, ದೊಡ್ಡ ಮನುಷ್ಯರು. ಆದರೆ ಹೇಳಿಯಾಗಿತ್ತು. ಮೇಡಂ ಯಾವುದು ಸುಳ್ಳು ಎಂದು ಕೇಳಿದರು. ಹುಳು ಹಸಿದಿಲ್ಲ, ಜ್ವರಕ್ಕೆ ಕೂತಿವೆ ಎಂದೆ.

ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಚರ್ಮ ಬಿಡುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಹಾಗೇ ನಿಂತುಬಿಡುತ್ತದೆ, ಒಂದು ಹಗಲು ಒಂದು ರಾತ್ರಿ ತಿನ್ನುವುದಿಲ್ಲ. ಆಗ ಸೊಪ್ಪು ಹಾಕಿದರೆ ತಪ್ಪು. ಹುಳುವಿನ ಕೆಳಗಿನ ಸೊಪ್ಪಿನ ಹಾಸಿಗೆ ಒಣಗಲಿ ಎಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ. ಅವಳ ಕೈಯಲ್ಲಿದ್ದದ್ದು ಅದು. ಹುಳು ಸಾಕುವವಳಿಗೆ ಮನೆ ಬಿಟ್ಟು ಹೋಗಲು ಸಿಗುವುದು ಅದೊಂದೇ ಹೊತ್ತು. ಅವಳು ಎಲ್ಲ ಬಿಟ್ಟು ಹೊರಟವಳಲ್ಲ, ಹೊತ್ತು ನೋಡಿ ಹೊರಟವಳು. ಮರುದಿನ ಸಂಜೆ ಹುಳು ಏಳುವಷ್ಟರಲ್ಲಿ ವಾಪಸ್ಸು ಬಂದಿರುತ್ತಾಳೆ.

ಇಷ್ಟನ್ನೂ ಹೇಳಿದೆ. ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ.

ಹೆಡ್‌ಮಾಸ್ಟರು ಸಿಟ್ಟಾಗಲಿಲ್ಲ. ನಗುತ್ತಾ, "ಕಥೇಲಿ ಜ್ವರ ಅಂತ ಎಲ್ಲೂ ಇಲ್ವಲ್ಲಮ್ಮ. ಇಲ್ಲದ್ದನ್ನ ನಾವು ಸೇರಿಸ್ಕೊಂಡ್ರೆ ಹೇಗೆ?" ಎಂದರು.

ಶ್ರೀನಿವಾಸಪುರದವಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಉಳಿದವರು ಟೊಮೆಟೊ ಬೆಳೆಯುವವರು, ಕೂಲಿಗೆ ಹೋಗುವವರು, ಒಬ್ಬಳು ಅಂಗನವಾಡಿಯಲ್ಲಿ ಸಹಾಯಕಿ. ಅವರಿಗೆ ಹೆಡ್‌ಮಾಸ್ಟರ ಸಾಲು ಚೆನ್ನಾಗಿ ಕಂಡಿತ್ತು. ತಾಯಿ ದೊಡ್ಡವಳು ಎಂದರೆ ಯಾರು ಬೇಡವೆನ್ನುತ್ತಾರೆ? ಸಂಜೆ ಬಸ್ಸಿಗೆ ಎಲ್ಲರೂ ಜೊತೆಜೊತೆಯಾಗಿ ಹೋದರು. ನನ್ನ ಜೊತೆ ಯಾರೂ ಬರಲಿಲ್ಲ. ನಾನೂ ಕರೆಯಲಿಲ್ಲ.

ಮನೆಗೆ ಬಂದು ನೋಡಿದರೆ ನನ್ನ ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಸುಣ್ಣ ಉದುರಿಸಿದೆ. ಜ್ವರದ ಹುಳುವನ್ನು ಅಲುಗಿಸಬಾರದು, ಮುಟ್ಟಬಾರದು. ನನ್ನ ಅತ್ತೆ ಕಲಿಸಿದ ಮೊದಲ ಪಾಠ ಅದು. ಬೆಳಿಗ್ಗೆ ಎದ್ದು, ಹುಳು ಸಾಕುವ ತಟ್ಟೆಯ ಅಂಚಿನ ಒಣ ಎಲೆಯನ್ನು ಹುಳುವಿನ ಸಮೇತ ಕತ್ತರಿಸಿ ಎತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟೆ. ಹತ್ತು ಹುಳು ಇದ್ದವು. ಹೋದರೆ ಹೋಗಲಿ ಎಂದುಕೊಂಡೆ. ಮುಚ್ಚಳ ಹಾಕದೆ ತೆಳು ಬಟ್ಟೆ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಕೋಲಾರದ ಮಾರ್ಕೆಟ್ಟಿನ ಹತ್ತಿರ ಟೊಮೆಟೊ ಗಾಡಿಗಳ ಸಾಲಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಡ್ರೈವರು ಬ್ರೇಕು ಹಾಕಿದಾಗಲೆಲ್ಲ ಡಬ್ಬಿಯನ್ನು ಎರಡು ಕೈಯಲ್ಲಿ ಮೇಲೆತ್ತಿ ಹಿಡಿದೆ. ಪಕ್ಕದಲ್ಲಿ ಕೂತವರು ಸಾರೇನಮ್ಮ, ಚೆಲ್ಲುತ್ತಾ ಎಂದು ಕೇಳಿದರು. ಹ್ಞೂಂ ಎಂದೆ.

ಡಬ್ಬಿಯನ್ನು ಮೇಜಿನ ಮೇಲಿಟ್ಟು ಬಟ್ಟೆ ಬಿಚ್ಚಿದೆ. ಮೇಡಂ ಮೊದಲು ಬಗ್ಗಿದರು. ಹೆಡ್‌ಮಾಸ್ಟರು ಕನ್ನಡಕ ಬದಲಾಯಿಸಿಕೊಂಡು ಬಂದರು. ಹತ್ತೂ ಹುಳು ತಲೆ ಎತ್ತಿ, ಅಲ್ಲಾಡದೆ ನಿಂತಿದ್ದವು. ಮೈಮೇಲೆ ಸುಣ್ಣದ ಬಿಳಿ. ಚೀಲದಲ್ಲಿ ತಂದಿದ್ದ ಎಳೆ ಸೊಪ್ಪನ್ನು ಸಣ್ಣಗೆ ಹರಿದು ಅವುಗಳ ಬಾಯ ಹತ್ತಿರವೇ ಇಟ್ಟೆ. ಒಂದೂ ಅಲುಗಲಿಲ್ಲ.

ಮೇಡಂ ಕಥೆಯ ಕಾಗದ ತಂದು ನಿಂತುಕೊಂಡೇ ಆ ಸಾಲು ಮತ್ತೆ ಓದಿದರು. 'ತಲೆ ಎತ್ತಿ, ಅಲ್ಲಾಡದೆ.' ಓದಿ ಡಬ್ಬಿ ನೋಡಿದರು. 'ಬಿಳಿಯ ಪುಡಿ.' ಮತ್ತೆ ನೋಡಿದರು.

"ಇಪ್ಪತ್ತು ವರ್ಷದಿಂದ ಈ ಕಥೆ ಪಾಠ ಮಾಡ್ತಿದ್ದೀನಿ. ಹುಳು ನೋಡ್ಬೇಕು ಅಂತ ಒಂದಿನಾನೂ ಅನ್ನಿಸ್ಲಿಲ್ಲ" ಎಂದರು.

ಹೆಡ್‌ಮಾಸ್ಟರು ತಾವೇ ಹೋಗಿ ತಮ್ಮ ಸಾಲನ್ನು ಒರೆಸಿದರು. ಅದನ್ನು ನಾನು ಮರೆತಿಲ್ಲ. ಹಾಗಾದರೆ ಏನು ಬರೆಯೋಣ ಎಂದು ಕೇಳಿದರು. ನಾನು ಹೇಳಿದೆ, ಅವರು ಬರೆದರು. 'ಮರುದಿನ ಸಂಜೆ ಹುಳುಗಳು ಏಳುವ ಹೊತ್ತಿಗೆ ಅವಳು ಹಿಂತಿರುಗಿ ಬಂದಳು.' ನಾನು ಹೇಳಿದ್ದು ಹಲಗೆಯ ಮೇಲೆ ದುಂಡಗೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಗನವಾಡಿಯವಳು ಊಟದಲ್ಲಿ ತನ್ನ ಪಾಲಿನ ಹಪ್ಪಳ ನನ್ನ ಎಲೆಗೆ ಹಾಕಿದಳು. ಶ್ರೀನಿವಾಸಪುರದವಳೂ ತಟ್ಟಿದಳು, ಮೆಲ್ಲಗೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳು ನನ್ನ ಹಿಂದೆಯೇ ಬಂದು ನಿಂತಳು. ಅವಳ ಬಸ್ಸು ಬೇರೆ ಕಡೆ ನಿಲ್ಲುತ್ತದೆ.

"ಅಕ್ಕಾ, ಏಮೀ ಅನುಕೋವದ್ದು. ಒಂದ್ ಮಾತು" ಎಂದಳು. ತಪ್ಪು ತಿಳಿಯಬೇಡ ಎನ್ನುವ ಹಾಗೆ ಕೈ ಹಿಡಿದಳು. "ಜ್ವರ ಸರಿ. ನಂಗೂ ನಿನ್ನೇನೇ ಗೊತ್ತಾಯ್ತು. ಆದ್ರೆ ಕೀ ಯಾಕ್ ಪಕ್ಕದ್ಮನೇಲಿ ಇಟ್ಲು? ನೀನಾಗಿದ್ರೆ ಇಡ್ತಿದ್ಯಾ?"

ಸೊಂಟದಲ್ಲಿದ್ದ ನನ್ನ ಕೀಯನ್ನು ಮುಟ್ಟಿ ನೋಡಿಕೊಂಡೆ.

ಹುಳು ಮನೆಯ ಬೀಗದ ಕೈಯನ್ನು ನಾವು ಯಾರಿಗೂ ಕೊಡುವುದಿಲ್ಲ. ಬೇರೆಯವರ ಕಾಲು ಒಳಗೆ ಬರಬಾರದು. ಮೈಲಿಗೆ ಎನ್ನಿ, ರೋಗ ತರುತ್ತಾರೆ ಎನ್ನಿ, ಎರಡೂ ಒಂದೇ. ಒಂದು ದಿನಕ್ಕೆ ಹೋಗಿ ಬರುವವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾಳೆ.

"ತಾಯಿ ಸಾಯೋದು ಅವ್ಳಿಗೆ ಗೊತ್ತು. ಸತ್ತ ಮನೆ ಹೊಕ್ಕವಳು ತಿಥಿ ಆಗೋವರ್ಗೂ ಹುಳುಮನೆ ತುಳೀಬಾರ್ದಲ್ಲ. ಅದಕ್ಕೇ ಇಟ್ಲು, ಬೇರೆಯೋರು ಸೊಪ್ ಹಾಕ್ಲಿ ಅಂತ. ಅವ್ಳು ನಾಳೆ ಬರಲ್ಲಕ್ಕಾ" ಎಂದಳು.

ಒಳಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ.

"ನೀನು ಗೆದ್ದಿದ್ಯಲ್ಲ. ನಮ್ಮಂಥೋರು ಒಂದ್ಸಲ ಗೆದ್ರೆ ನಾನ್ಯಾಕೆ ಅಡ್ಡ ಬರ್ಲಿ" ಎಂದಳು. ಅವಳ ಬಸ್ಸು ಹೊರಟಿತ್ತು, ಓಡಿಹೋಗಿ ಹತ್ತಿದಳು.

ನಾನು ಕಲ್ಲು ಬೆಂಚಿನ ಮೇಲೆ ಕೂತು ಚೀಲದಿಂದ ಕಾಗದ ತೆಗೆದೆ. ಎರಡು ದಿನದಿಂದ ಕಥೆಯನ್ನು ಕಿವಿಯಲ್ಲಿ ಕೇಳಿದ್ದೆನೇ ಹೊರತು ಕಣ್ಣಲ್ಲಿ ಓದಿರಲಿಲ್ಲ. ಬೆರಳಿಟ್ಟು ಓದಿದೆ. ಕೊನೆಯ ಏಳು ಸಾಲಿಗೆ ಎರಡು ಮುಳಬಾಗಿಲು ಬಸ್ಸು ಹೋದವು. ಕಂಡಕ್ಟರು ಕೂಗಿದ, ಬರುವುದಿಲ್ಲ ಎಂದು ಕೈ ಮಾಡಿದೆ. 'ಪಕ್ಕದ' ಎಂಬಲ್ಲಿ ಬೆರಳು ನಿಂತಿತು. ಮೇಡಂ ಅದನ್ನು ಓದಿದ್ದರು, ನನ್ನ ಕಿವಿಗೂ ಬಿದ್ದಿತ್ತು. ಬೇಡವೆಂದು ಬಿಟ್ಟಿದ್ದೆ. ಹೆಡ್‌ಮಾಸ್ಟರು ಸುಣ್ಣವನ್ನು ಬಿಟ್ಟ ಹಾಗೆಯೇ. ಅವರು ಗೊತ್ತಿಲ್ಲದೆ ಬಿಟ್ಟಿದ್ದರು.

ಯಾಕೆ ಬಿಟ್ಟೆ ಎಂಬುದನ್ನೂ ಬರೆಯುತ್ತೇನೆ. ಇದಕ್ಕೆ ನಾಲ್ಕು ವರ್ಷ ಮುಂಚೆ ನನ್ನ ಅಕ್ಕ ಆವನಿಯ ಹತ್ತಿರದ ತನ್ನ ಊರಿನಲ್ಲಿ ಹಾಸಿಗೆ ಹಿಡಿದಿದ್ದಳು. ನನ್ನ ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ ಹೋಗಿ ನೋಡಿದೆ. ಇವತ್ತೊಂದಿನ ಇರೇ ಎಂದಳು. ಹುಳು ಏಳುತ್ತವೆ ಎಂದು ಬಂದುಬಿಟ್ಟೆ. ಕೊನೆಯ ಜ್ವರ ಎದ್ದ ಹುಳು ಎಂಟು ದಿನ ಬೆಂಕಿಯ ಹಾಗೆ ತಿನ್ನುತ್ತವೆ, ಒಂದು ಹೊತ್ತು ತಪ್ಪಿಸುವಂತಿಲ್ಲ. ಮೂರನೇ ದಿನ ಅಕ್ಕ ಹೋದಳು ಎಂದು ಹೇಳಿಕಳಿಸಿದರು. ಹೋದರೆ ನಾನು ಹುಳುಮನೆಗೆ ಬರುವಂತಿಲ್ಲ. ನಮ್ಮ ಪಕ್ಕದ ಮನೆಯವಳು ಬಂದು ಕೀ ಕೊಡು, ಎಲ್ಲಾ ಹೊತ್ತೂ ನಾನು ಹಾಕುತ್ತೇನೆ ಎಂದಳು. ನಿನ್ನ ಕೈಗುಣ ನಂಬುವುದಿಲ್ಲ ಎಂದು ಹೇಳಿ ಕಳಿಸಿದೆ. ಅಕ್ಕನ ಮಣ್ಣಿಗೆ ಹೋಗಲಿಲ್ಲ. ಹುಳು ಗೂಡು ಕಟ್ಟಿದ ಮೇಲೆ ಹೋದೆ. ಅಕ್ಕನ ಮಗಳು ಬಾಗಿಲಿಗೆ ಬರಲಿಲ್ಲ. ಆಮೇಲೆ ನಾನೂ ಹೋಗಲಿಲ್ಲ. ಯಾರಾದರೂ ಕೇಳಿದರೆ, ಹುಳು ಸಾಕುವವಳು ಇನ್ನೇನು ಮಾಡಬೇಕಿತ್ತು, ದಾರಿಯೇ ಇರಲಿಲ್ಲ ಎನ್ನುತ್ತಿದ್ದೆ. ಕಥೆಯವಳೂ ನನ್ನ ಹಾಗೆ ವಾಪಸ್ಸು ಬರಬೇಕಿತ್ತು. ಅವಳು ಬಂದರೆ ನಾನು ಬಂದದ್ದೂ ಸರಿ.

ಅವಳು ಕೀ ಇಟ್ಟು ಹೋಗಿದ್ದಳು.

ಮೂರನೇ ಬಸ್ಸಿಗೆ ಊರಿಗೆ ಬಂದೆ. ಹುಳು ಎದ್ದು ತಲೆ ಆಡಿಸುತ್ತಿದ್ದವು. ಎಳೆ ಸೊಪ್ಪು ಕತ್ತರಿಸಿ ಹಾಕಿದೆ.

ಆ ಸಾಲು ಹಾಗೇ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಶ್ರೀನಿವಾಸಪುರದವಳು ಬಾಯಿ ಬಿಡುವವಳಲ್ಲ. ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಹನ್ನೊಂದು ಗಂಟೆಯವರೆಗೆ ಬೇರೆ ಕಥೆಗಳ ಪದ ತಿದ್ದುತ್ತಾ ಕೂತೆವು. ನನ್ನ ಸಾಲು ಹಲಗೆಯ ಮೂಲೆಯಲ್ಲಿ ಹಾಗೇ ಇತ್ತು. ಮೇಡಂ ಕಾಗದಗಳನ್ನು ಜೋಡಿಸಿ ಫೈಲಿಗೆ ಹಾಕತೊಡಗಿದಾಗ ನಾನು ಎದ್ದು ನಿಂತೆ. ಆ ಸಾಲನ್ನು ಅಳಿಸಿ ಎಂದೆ.

"ನಿನ್ನೆ ನೀವೇ ಹುಳು ತಂದು ತೋರಿಸಿದ್ರಲ್ಲಮ್ಮ" ಎಂದರು ಹೆಡ್‌ಮಾಸ್ಟರು. ಈ ಸಲ ನಗಲಿಲ್ಲ.

"ಜ್ವರ ಕಥೇಲಿದೆ. ವಾಪಸ್ ಬಂದ್ಲು ಅನ್ನೋದು ನಾನು ಸೇರಿಸಿದ್ದು" ಎಂದೆ.

ಕೀಯ ವಿಷಯ ಹೇಳಿದೆ. ಅದನ್ನು ಕಂಡುಹಿಡಿದದ್ದು ನಾನಲ್ಲ, ಇವಳು ಎಂದು ಪಕ್ಕದವಳನ್ನು ತೋರಿಸಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಡಂ ಕೇಳಿದ್ದಕ್ಕೆ ತೆಲುಗು ಕನ್ನಡ ಎರಡೂ ಬೆರೆಸಿ ತಾನೇ ವಿವರಿಸಿದಳು. ಹತ್ತು ನಿಮಿಷ ಮಾತಾಡಿರಬೇಕು. ಮೂರು ದಿನದಲ್ಲಿ ಅವಳು ಎಲ್ಲರೆದುರು ಆಡಿದ್ದು ಅಷ್ಟೇ.

ಹಾಗಾದರೆ ಬರಲಿಲ್ಲ ಎಂದು ಬರೆಯೋಣವೇ ಎಂದು ಮೇಡಂ ಕೇಳಿದರು. ಹತ್ತು ಜನರಲ್ಲಿ ಆರು ಜನ ಹ್ಞೂಂ ಎಂದರು. ನಾನು ಅದೂ ಬೇಡ ಎಂದೆ. ಜ್ವರದ ಹೊತ್ತು ನೋಡಿ ಹೊರಟಿದ್ದಾಳೆ, ಬರುವ ಆಸೆಯಿದೆ. ಕೀ ಇಟ್ಟಿದ್ದಾಳೆ, ಬರಲು ಆಗದಿದ್ದರೂ ಹುಳು ಉಳಿಯಲಿ ಎಂದು. ತಾಯಿ ಆ ರಾತ್ರಿ ಇರುತ್ತಾಳೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಅವಳಿಗೇ ಗೊತ್ತಿಲ್ಲದ್ದನ್ನು ನಾವು ಹೇಗೆ ಬರೆಯುವುದು? ರಸ್ತೆಗೆ ಇಳಿದಳು, ಅಲ್ಲಿಗೆ ನಿಲ್ಲಲಿ ಎಂದೆ.

ಹೆಡ್‌ಮಾಸ್ಟರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಓದುವವರು ನಮ್ಮನ್ನು ಬೈಯುತ್ತಾರೆ ಎಂದರು. ಬೈಯಲಿ ಎಂದರು ಮೇಡಂ. ಪುಟದ ಕೆಳಗೆ ಜ್ವರ ಎಂದರೇನು, ಬೀಗದ ಕೈ ಯಾಕೆ ಕೊಡುವುದಿಲ್ಲ ಎಂದು ಎರಡು ಸಾಲು ಸಣ್ಣದಾಗಿ ಹಾಕುವುದು, ಕಥೆಗೆ ಏನೂ ಸೇರಿಸುವುದು ಬೇಡ ಎಂದು ತೀರ್ಮಾನವಾಯಿತು. ಪುಸ್ತಕ ಹಾಗೇ ಬಂದಿದೆ. ಹಲಗೆಯನ್ನು ನಾನೇ ಒರೆಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹೊರಡುವಾಗ ಮೇಡಂ ಹತ್ತಿರ ಬಂದು, ಅವಳು ಬರಲೇಬೇಕು ಎಂದು ಅಷ್ಟು ಯಾಕೆ ಹಟ ಹಿಡಿದಿದ್ದಿರಿ ಎಂದು ಕೇಳಿದರು. ನನಗೆ ಬೇಕಾಗಿತ್ತು ಎಂದೆ.

ಮಾರನೇ ಬೆಳಿಗ್ಗೆ ಸೊಪ್ಪು ಕೊಯ್ದು ತಂದು ಒದ್ದೆ ಗೋಣಿ ಮುಚ್ಚಿಟ್ಟೆ. ಮೊದಲ ಹೊತ್ತಿನದನ್ನು ಹಾಕಿ, ಕೀ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಹನ್ನೊಂದು ಗಂಟೆಗೆ ಒಂದು ಸಲ ಹಾಕು, ತೆಳ್ಳಗೆ ಹರಡು, ಕಾಲು ತೊಳೆದು ಹೋಗು ಎಂದೆ. ಅವಳು ಕೀಯನ್ನೂ ನನ್ನನ್ನೂ ನೋಡಿದಳು.

"ಈಗ ನನ್ನ ಕೈಗುಣ ಸರಿಹೋಯ್ತಾ?" ಎಂದಳು.

"ಗೊತ್ತಿಲ್ಲ. ಹಾಕು" ಎಂದೆ.

ಮುಳಬಾಗಿಲಿನಲ್ಲಿ ಬಸ್ಸು ಬದಲಾಯಿಸಿ ಅಕ್ಕನ ಊರಿಗೆ ಹೋದೆ. ಅಕ್ಕನ ಮಗಳು ಅಂಗಳ ಗುಡಿಸುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನಾನು ಜಗಲಿಯ ಮೇಲೆ ಕೂತೆ. ಕೂರು ಎಂದು ಅವಳು ಹೇಳಿರಲಿಲ್ಲ.

"ನಿಮ್ಮಮ್ಮನ ಮಣ್ಣಿಗೆ ಬರೋಕೆ ನಂಗೆ ದಾರಿ ಇತ್ತು. ಬರಲಿಲ್ಲ" ಎಂದೆ.

ಅವಳ ಪೊರಕೆ ನಿಂತಿತು. "ಇಷ್ಟು ಹೇಳೋಕೆ ಬಂದ್ಯಾ?" ಎಂದಳು. ಚಿಕ್ಕಮ್ಮ ಎನ್ನಲಿಲ್ಲ.

"ಇಷ್ಟೇ" ಎಂದೆ.

ಒಳಗೆ ಬಾ ಎನ್ನಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. ಮತ್ತೆ ಗುಡಿಸತೊಡಗಿದಳು. ಗುಡಿಸುತ್ತಾ ಜಗಲಿಯ ಹತ್ತಿರ ಬಂದಾಗ ನಾನು ಕಾಲು ಮೇಲೆತ್ತಿದೆ. ಅವಳು ಅದರ ಕೆಳಗೂ ಗುಡಿಸಿದಳು. ಹನ್ನೊಂದರ ಬಸ್ಸು ಬರುವತನಕ ಅಲ್ಲೇ ಕೂತಿದ್ದೆ.